ಒಂದೆಲೆ ನೋಡೋಣ

ಕೊಡಗಿನ ಕಕ್ಕಡ ತಿಂಗಳ ಮಳೆಗೆ ಮೊದಲು ಹೋಗುವುದು ಕರೆಂಟು, ಅದರ ಹಿಂದೆಯೇ ನೆಟ್‌ವರ್ಕು. ಭಾಗಮಂಡಲದಲ್ಲಿ ಸಂಗಮದ ನೀರು ರಸ್ತೆಗೆ ಬಂತೆಂದರೆ ಊಟಕ್ಕೆ ಬಂದ ಭಾವನೂ ಇಲ್ಲೇ ಬಾಕಿ. ಆಗ ಬೀರುವಿನಿಂದ ಎರಡು ಪ್ಯಾಕ್ ಇಸ್ಪೀಟು ಹೊರಬರುತ್ತದೆ. ಹದಿಮೂರೆಲೆ ರಮ್ಮಿ, 101ರ ಪೂಲು: ಪಾಯಿಂಟು ಕೂಡುತ್ತಾ 101 ಮುಟ್ಟಿದವರು ಔಟು. ದುಡ್ಡಿಲ್ಲ, ಮೊದಲು ಔಟಾದವರು ಎಲ್ಲರಿಗೂ ಬೆಲ್ಲದ ಕಾಫಿ ಕಾಸಬೇಕು.

ಈ ಆಟದಲ್ಲಿ ಅತಿ ದುಬಾರಿ ಮಾತು "ಒಂದೆಲೆ ನೋಡೋಣ". ಎಲೆ ಎತ್ತುವ ಮೊದಲೇ ಡ್ರಾಪ್ ಎಂದು ಆ ಕೈ ಬಿಟ್ಟರೆ 20 ಪಾಯಿಂಟು. ಎತ್ತಿ ನೋಡಿ ಆಮೇಲೆ ಬೇಡವೆಂದರೆ 40. ಆ ಒಂದೆಲೆಯ ದರ್ಶನಕ್ಕೆ 20 ಪಾಯಿಂಟಿನ ಟಿಕೆಟು!

ತೀರಾ ಕೆಟ್ಟ ಕೈ ಬಂದರೆ ತೊಂದರೆಯಿಲ್ಲ, ಮಗುಚಿಟ್ಟು ಹಲಸಿನ ಹಪ್ಪಳ ತಿನ್ನಬಹುದು. ಜೀವ ತಿನ್ನುವುದು ನಡುವಿನ ಕೈ: ಎರಡು ಜೋಕರು, ಒಂದು ಜೋಡಿ, ಹತ್ತಿರ ಹತ್ತಿರ ಕಾಣುವ ನಾಲ್ಕೆಲೆ. ಜೋಕರು ಕಂಡೊಡನೆ ಮುಖ ಅರಳುತ್ತದೆ. ಆದರೆ ಒಂದೇ ಗುರುತಿನ ಮೂರೋ ಹೆಚ್ಚೋ ಎಲೆ ಸಾಲಾಗಿ ಬರುವ ಪ್ಯೂರ್ ಸೀಕ್ವೆನ್ಸಿಗೆ ಅದರ ಸಹಾಯ ನಡೆಯದು, ಪ್ಯೂರ್ ಇಲ್ಲದೆ ಉಳಿದ ಯಾವುದೂ ನಡೆಯದು. ಅಷ್ಟರಲ್ಲಿ ಯಾರಾದರೂ ಕೈ ಪೂರ್ತಿ ಜೋಡಿಸಿ ಶೋ ಮಾಡಿದರೆ ಜೋಕರು ಬಿಟ್ಟು ಕೈಯಲ್ಲಿರುವುದೆಲ್ಲ ಲೆಕ್ಕಕ್ಕೆ. ಎಕ್ಕ, ರಾಜ, ರಾಣಿ, ಗುಲಾಮನಿಗೆ ತಲಾ 10. ಎಕ್ಕದಿಂದ ರಾಜನವರೆಗೆ ಒಂದೊಂದು ಎಲೆ ಕೂಡಿದರೆ 94. ಲೆಕ್ಕ 80ಕ್ಕೆ ನಿಲ್ಲುವುದು ಪುಣ್ಯ.

ಹಾಗಾಗಿ ಜೋಕರನ್ನು ಪಕ್ಕಕ್ಕಿಟ್ಟು, ಪ್ಯೂರ್ ಆಗಲು ಎಷ್ಟು ಎಲೆ ಉಳಿದಿವೆ ಎಂದು ಎಣಿಸಿ. ಆಟೀನು 6-7 ಇದ್ದರೆ 5 ಬಂದರೂ ಸರಿ, 8 ಬಂದರೂ ಸರಿ. ಎರಡು ಪ್ಯಾಕಲ್ಲಿ ನಾಲ್ಕೆಲೆ. 6-8 ಇದ್ದರೆ ನಡುವಿನ 7 ಮಾತ್ರ, ಎರಡೇ ಎಲೆ. ಪ್ಯಾಕಿಗೊಂದು ಜೋಕರು ಸೇರಿ ಒಟ್ಟು 106. ನಿಮ್ಮ 13 ಕಳೆದರೆ 93. ಮೊದಲನೆಯದಕ್ಕೆ ಒಂದು ಸಲ ಎತ್ತಿದರೆ ಸುಮಾರು 23ರಲ್ಲಿ ಒಂದು ಅವಕಾಶ, ಎರಡನೆಯದಕ್ಕೆ 46ರಲ್ಲಿ ಒಂದು. 6-7ರಂಥ ಜೋಡಿ ಎರಡಾದರೂ ಇದ್ದು ಜೊತೆಗೆ ಜೋಕರಿದ್ದರೆ ಆಡಿ. ಬರೀ 6-8 ಹಿಡಿದು ಇಗ್ಗುತ್ತಪ್ಪನಿಗೆ ಹರಕೆ ಹೊರುವ ಬದಲು 20 ಬರೆಸಿಕೊಳ್ಳುವುದು ಲೇಸು.

ಇನ್ನು ಆಟೀನು 9 ಎರಡು ಬಂದರೆ ಅದು ಜೋಡಿಯಲ್ಲ, ಬರೀ ಅವಳಿ. ಒಂದೇ ಅಂಕಿಯ ಎಲೆಗಳ ಸೆಟ್ಟಿಗೆ ಬೇರೆ ಬೇರೆ ಗುರುತಿನ 9 ಬೇಕು. ಇದು ಹೊಳೆಯುವುದು ಸಾಮಾನ್ಯವಾಗಿ ನಾಲ್ಕನೇ ಸುತ್ತಿನಲ್ಲಿ.

ಥಂಡಿಯ ಕಾಟ ಬೇರೆ. ಎಲೆಗೆ ಎಲೆ ಅಂಟಿಕೊಂಡು, ಹದಿಮೂರು ಎಂದು ಹಿಡಿದದ್ದು ಹದಿನಾಲ್ಕಾಗಿರುತ್ತದೆ. ಮೋಂಬತ್ತಿ ಬೆಳಕಲ್ಲಿ ಆಟೀನೂ ಡೈಮನ್ನೂ ಒಂದೇ ಕೆಂಪು. ಆಟೀನು 4-5ರ ಪಕ್ಕ ಡೈಮನ್ 6 ಇಟ್ಟು ಗತ್ತಿನಿಂದ "ಶೋ" ಎಂದವರಿಗೆ ನೆಟ್ಟಗೆ 80.

ಪುಸ್ತಕದಲ್ಲಿ ನಿಮ್ಮ ಹೆಸರಿನ ಕೆಳಗೆ 80 ಇದ್ದರೆ ಇನ್ನೊಂದು ಡ್ರಾಪಿಗೆ ಜಾಗವಿದೆ, 100ಕ್ಕೆ ನಿಂತು ಉಸಿರಾಡಬಹುದು. 81 ಆಯಿತೋ, ಡ್ರಾಪ್ ಎಂದರೂ ಔಟು. ಎಂಥ ದರಿದ್ರ ಕೈ ಬಂದರೂ ಆಡಲೇಬೇಕು. 81ರಲ್ಲಿ ಕೂತ ಭಾವ ಎಲೆ ಬಿಡಿಸಿ ನೋಡುತ್ತಾರೆ, ಮತ್ತೆ ಮಡಿಸುತ್ತಾರೆ, ಅಡುಗೆಮನೆ ಕಡೆ ಕತ್ತು ತಿರುಗಿಸುತ್ತಾರೆ: "ಬೆಲ್ಲದ ಡಬ್ಬಿ ಎಲ್ಲಿಟ್ಟಿದ್ದೀರಿ?"