ಕುಂಡ ಬಚ್ಚಲಲ್ಲ

ಮನಾಲಿಯಿಂದ ಬಂದು ಮೂರು ದಿನ ಆಯ್ತು, ಕೋಪ ಇನ್ನೂ ಇಳಿದಿಲ್ಲ. ಫೋಟೋ ಎಲ್ಲಿ ಅಂತ ಕೇಳ್ತಿದ್ದೀರಿ, ಹಾಕ್ತೀನಿ. ಮೊದಲು ಇದನ್ನ ಹೇಳಿಬಿಡ್ತೀನಿ.

ನನ್ನ ಮಂಡಿನೋವು ನಿಮಗೆಲ್ಲ ಗೊತ್ತೇ ಇದೆ. ಹಿಡಿಂಬಾ ದೇವಸ್ಥಾನ, ಸೋಲಂಗ್‌ನ ಇಳಿಜಾರು, ಅಟಲ್ ಸುರಂಗ ದಾಟಿ ಸಿಸ್ಸು ತನಕ ಓಡಾಟ. ನಾಲ್ಕನೇ ದಿನದ ಹೊತ್ತಿಗೆ ಬಸ್ಸಿನಿಂದ ಇಳಿಯೋಕೂ ಸೀಟು ಹಿಡ್ಕೋಬೇಕಾಯ್ತು. ಹಾಗಾಗಿ ಇಡೀ ಪ್ರವಾಸದಲ್ಲಿ ನಾನು ಕಾದಿದ್ದು ಕೊನೇ ಸಂಜೆಗೆ, ವಸಿಷ್ಠದ ಬಿಸಿನೀರಿನ ಕುಂಡಕ್ಕೆ. ಮನಾಲಿ ಪೇಟೆಯಿಂದ ಮೂರು ಕಿಲೋಮೀಟರ್ ಅಷ್ಟೆ, ಬಿಯಾಸ್ ನದಿಯ ಆಚೆ ಕಡೆ ಗುಡ್ಡದ ಮೇಲಿರೋ ಹಳ್ಳಿ. ಮಕ್ಕಳನ್ನ ಕಳ್ಕೊಂಡ ವಸಿಷ್ಠರು ಸಾಯೋಕೆ ಅಂತ ಮೈಗೆ ಹಗ್ಗ ಬಿಗಿದುಕೊಂಡು ಹಾರಿದ್ದು ಇದೇ ನದಿಗೆ. ನದಿ ಆ ಪಾಶ ಬಿಚ್ಚಿ ಅವರನ್ನ ದಡಕ್ಕೆ ಬಿಟ್ಟಿತು, ಅದಕ್ಕೇ ವಿಪಾಶಾ ಅನ್ನುತ್ತೆ ಮಹಾಭಾರತ. ಕೆಳಗೆ ಕೈಯಿಟ್ರೆ ಮರಗಟ್ಟೋ ಹಿಮದ ನೀರು, ಮೇಲೆ ದೇವಸ್ಥಾನದಲ್ಲಿ ಹಬೆಯಾಡೋ ನೀರು. ಜ್ವಾಲಾಮುಖಿ ಗೀಲಾಮುಖಿ ಏನಿಲ್ಲ ಅಲ್ಲಿ. ಮಳೆ ನೀರು, ಕರಗಿದ ಹಿಮ ಬಂಡೆಯ ಬಿರುಕಿನಲ್ಲಿ ಆಳಕ್ಕೆ ಇಳಿಯುತ್ತೆ. ಭೂಮಿಯೊಳಗೆ ಒಂದೊಂದು ಕಿಲೋಮೀಟರಿಗೂ ಸುಮಾರು 25ರಿಂದ 30 ಡಿಗ್ರಿ ಬಿಸಿ ಏರುತ್ತೆ. ಹಾಗೆ ಕಾದ ನೀರು ಇನ್ನೊಂದು ಬಿರುಕು ಹಿಡಿದು ಮೇಲೆ ಬರುತ್ತೆ.

ಅಷ್ಟು ಆಳದಿಂದ ಬಂದ ನೀರಿಗೆ ನಮ್ಮ ಬಸ್ಸಿನವರು ಶಾಂಪೂ ಹಾಕಿದ್ರು.

ಹೆಂಗಸರ ಕುಂಡ ಬೇರೆ, ಗಂಡಸರದ್ದು ಬೇರೆ. ನಾನು ಒಳಗೆ ಹೋದಾಗ ಊರಿನ ಒಬ್ಬ ಅಜ್ಜಿ ಮಾತ್ರ ಇದ್ರು. ಕುಂಡದ ಹೊರಗೆ ಕೂತು, ಚೊಂಬಲ್ಲಿ ನೀರು ತಗೊಂಡು ಕಾಲು ತೊಳೆದ್ರು, ಹಿಮ್ಮಡಿಯ ಬಿರುಕಿನ ಮಣ್ಣನ್ನ ಬೆರಳಲ್ಲಿ ಉಜ್ಜಿ ತೆಗೆದ್ರು, ಮೈಗೆಲ್ಲ ಸುರ್ಕೊಂಡ್ರು. ಆಮೇಲೆ ಒಂದೊಂದೇ ಮೆಟ್ಟಿಲು ಇಳಿದು ಕುತ್ತಿಗೆ ತನಕ ಕೂತು ಕಣ್ಣು ಮುಚ್ಚಿದ್ರು. ನಾನೂ ಹಾಗೇ ಮಾಡಿದೆ. ಗಂಧಕದ ವಾಸನೆ ಎರಡು ನಿಮಿಷಕ್ಕೆ ಮೂಗಿಗೆ ಒಗ್ಗಿಹೋಯ್ತು. ಮಂಡಿಯ ಚಿಪ್ಪಿನ ಸುತ್ತ ಗಂಟು ಹಾಕಿದ್ದನ್ನ ಯಾರೋ ಸಡಿಲ ಮಾಡಿದ ಹಾಗೆ. ಎಷ್ಟೋ ವರ್ಷದಿಂದ ನನಗೆ ಅಂಥ ಆರಾಮ ಸಿಕ್ಕಿರಲಿಲ್ಲ.

ಆಗ ಬಂದ್ರು ಆರು ಜನ. ಕಾಲು ತೊಳೀಲಿಲ್ಲ, ಧೂಳು ಮೈಯಲ್ಲೇ ಇಳಿದ್ರು. ಒಬ್ಬರು ಸ್ಯಾಶೆ ಹಲ್ಲಲ್ಲಿ ಕಚ್ಚಿ ಹರಿದು, "ಇಷ್ಟು ಬಿಸಿನೀರು ರೂಮಲ್ಲೂ ಬರಲಿಲ್ಲ ಕಣೇ" ಅಂತ ತಲೆಗೆ ಹಚ್ಚೋಕೆ ಶುರು ಮಾಡಿದ್ರು. ಕನ್ನಡದಲ್ಲೇ! ಹರಿದ ಸ್ಯಾಶೆಯ ತುದಿ ತೇಲಿ ಬಂದು ನನ್ನ ಮೊಣಕೈಗೆ ಅಂಟ್ಕೊಳ್ತು.

ನಾನು ಬಾಯಿ ಬಿಡಲಿಲ್ಲ. ಹಿಂದಿನ ದಿನ ಅವರೇ ನನಗೆ ಚಪಾತಿ, ಚಟ್ನಿಪುಡಿ ಕೊಟ್ಟಿದ್ರು, ಹೇಗೆ ಹೇಳೋದು ಅನ್ನೋ ಸಂಕೋಚ. ಆ ಸಂಕೋಚದ ಮೇಲೂ ನನಗೆ ಕೋಪ ಇದೆ. ಅಜ್ಜಿ ಕಣ್ಣು ಬಿಟ್ಟು ನೊರೆ ನೋಡಿದ್ರು. ಬೈಯಲಿಲ್ಲ. ಅಂಗೈಯಲ್ಲಿ ನೊರೆಯನ್ನ ಮೆಲ್ಲಗೆ ತಳ್ತಾ ತಳ್ತಾ ನೀರು ಹೊರಗೆ ಹೋಗೋ ತೂಬಿನ ಕಡೆ ಕಳಿಸಿದ್ರು. ನಾನೂ ಪಕ್ಕದಲ್ಲಿ ನಿಂತು ತಳ್ಳಿದೆ, ಅಷ್ಟೇ ನನ್ನ ಕೈಲಾಗಿದ್ದು.

ಬಸ್ಸಲ್ಲಿ ಕೊನೆಗೂ ಹೇಳಿದೆ. ಬಂದ ಉತ್ತರ: "ಊರಿನವರೇ ಅಲ್ಲಿ ಬಟ್ಟೆ ಒಗೀತಾರಲ್ಲ, ಹರಿಯೋ ನೀರು ತಾನೇ?" ಒಗೀತಾರೆ, ನಾನೂ ನೋಡಿದ್ದೀನಿ. ಆದರೆ ಒಗೆಯೋದು, ಪಾತ್ರೆ ತಿಕ್ಕೋದು ಹೊರಗೆ, ಅದಕ್ಕೇ ಅಂತ ಬಿಟ್ಟಿರೋ ನಳಿಗೆಯ ಕೆಳಗೆ. ಹತ್ತು ಜನ ಕೂರೋ ಕುಂಡದೊಳಗಲ್ಲ. ಮನೆ ಮುಂದಿನ ಚರಂಡಿಯೂ ಹರಿಯೋ ನೀರೇ, ಅದರಲ್ಲಿ ಮೀಯ್ತೀವಾ? ಜಪಾನಿನ ಒನ್ಸೆನ್‌ನಲ್ಲಿ, ಅಂದ್ರೆ ಅಲ್ಲಿನ ಬಿಸಿನೀರ ಬುಗ್ಗೆಯ ಸ್ನಾನದ ಜಾಗದಲ್ಲಿ, ಸಣ್ಣ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ, ಪೂರ್ತಿ ತೊಳ್ಕೊಂಡ ಮೇಲೇ ನೀರಿಗೆ ಇಳಿಯೋದು. ಕೈಲಿರೋ ಪುಟ್ಟ ಟವೆಲ್ಲನ್ನೂ ನೀರಿಗೆ ಅದ್ದೋ ಹಾಗಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಪುತ್ತೂರಿನ ಹತ್ತಿರ ಇರ್ದೆಯಲ್ಲಿ ಬೆಂದ್ರು ತೀರ್ಥ ಇದೆ. ತುಳುವಿನಲ್ಲಿ ಬೆಂದ್ರ್ ಅಂದ್ರೆ ಬಿಸಿನೀರು. ಸೀರೆ ಹೊಳೆಯ ಪಕ್ಕದ ಕೆರೆ, ವಸಿಷ್ಠದಷ್ಟು ಬಿಸಿ ಇಲ್ಲ, ಬೆಚ್ಚಗೆ. ಚಿಕ್ಕವಳಿದ್ದಾಗ ಅಲ್ಲಿಗೆ ಲೈಫ್‌ಬಾಯ್ ತುಂಡು ಹಿಡ್ಕೊಂಡು ಇಳಿದಿದ್ದೆ. ನನ್ನ ಅಜ್ಜಿ ರಟ್ಟೆ ಹಿಡಿದು ಮೇಲೆಳೆದು, "ಇದು ಮೈ ಇಡ್ಲಿಕ್ಕೆ ಇರುವ ನೀರು, ಕೊಳೆ ಬಿಡ್ಲಿಕ್ಕೆ ಅಲ್ಲ" ಅಂದಿದ್ರು. ಒಂದೇ ಸಲ ಹೇಳಿದ್ದು, ಸಾಕಾಯ್ತು. ಬಸ್ಸಿನ ಆರು ಜನಕ್ಕೂ ಅಜ್ಜಿಯಂದಿರು ಇದ್ದಿರಲೇಬೇಕು.

ಟೂರಿನವರನ್ನೂ ಬಿಡಲಾರೆ. ದಾರಿಯುದ್ದಕ್ಕೂ ಮೈಕಲ್ಲಿ ಎಲ್ಲಿ ಶಾಲು ಸಿಗುತ್ತೆ, ಎಲ್ಲಿ ಸೇಬು ಅಗ್ಗ ಅಂತ ಹೇಳಿದವರಿಗೆ, ಸೋಪು ರೂಮಲ್ಲೇ ಬಿಟ್ಟು ಬನ್ನಿ ಅನ್ನೋ ಒಂದು ಮಾತು ಹೇಳೋಕೆ ಆಗಲಿಲ್ಲ. ಕಾಲು ತೊಳೆದು ಇಳೀರಿ, ಹತ್ತು ಹದಿನೈದು ನಿಮಿಷಕ್ಕೆ ಎದ್ದುಬಿಡಿ, ಬಿಪಿ ಇರೋರು ಡಾಕ್ಟರನ್ನ ಕೇಳಿ ಇಳೀರಿ. ಒಂದು ನಿಮಿಷದ ಮಾತು ಇದು.

ಮಾರನೇ ದಿನ ಹೊರಡೋ ಮುಂಚೆ, ಬೆಳಗ್ಗೆ ಆರಕ್ಕೇ ಒಬ್ಬಳೇ ಆಟೋ ಹಿಡಿದು ಮತ್ತೆ ಹೋದೆ. ತಳದ ಕಲ್ಲು ಕಾಣೋ ಅಷ್ಟು ತಿಳಿ ನೀರು. ಅದೇ ಅಜ್ಜಿ ಇದ್ರು. ನಾನು ಕಾಲು ತೊಳೆಯೋದನ್ನೇ ನೋಡ್ತಾ ಇದ್ದು, ಆಮೇಲೆ ಬಿಸಿನೀರು ಬಂದು ಬೀಳೋ ಮೂಲೆಯಿಂದ ಸರಿದು ಕೂತ್ರು. ನನ್ನ ಮಂಡಿ ಕಡೆ ಕೈ ತೋರಿಸಿ, ಇಲ್ಲಿ ಇಡು ಅಂತ ಸನ್ನೆ ಮಾಡಿದ್ರು.