ತೊದಲು ಅನ್ನುವ ಮೊದಲು

ರಜೆಗೆ ಹೋದಾಗಲೆಲ್ಲ ನನ್ನ ಮಗಳ ಕನ್ನಡ ಕೇಳಿ ನೆಂಟರು ಹೇಳುವುದು ಒಂದೇ ಮಾತು: "ಪಾಪ, ಇನ್ನೂ ತೊದಲ್ತಾಳೆ." ಅವಳಿಗೆ ಹನ್ನೊಂದು ವರ್ಷ. ನಾವಿರುವುದು ಮಹಾರಾಷ್ಟ್ರದಲ್ಲಿ. ಅವಳ ಆಟ, ಜಗಳ, ಗೆಳೆತನ ಎಲ್ಲವೂ ಮರಾಠಿ. ಕನ್ನಡ ಮಾತಾಡುವಾಗ ಪದಕ್ಕಾಗಿ ತಡಕಾಡುತ್ತಾಳೆ. ಅದಕ್ಕೆ ತಡವರಿಸುವುದು ಅಂತ ಬೇರೆ ಪದವೇ ಇದೆ. ತೊದಲು ಅದಲ್ಲ.

ತೊದಲು ಎಳೆ ನಾಲಿಗೆಯದು. ರಕಾರ ಇನ್ನೂ ಹೊರಳದು, 'ಕರಡಿ' ಹೋಗಿ 'ಕಲಡಿ' ಆಗುತ್ತದೆ. ಕೇಳಿದವರ ಮುಖದಲ್ಲಿ ನಗು ಮೂಡುತ್ತದೆ. ಮರಾಠಿಯವರು ಇದನ್ನೇ 'ಬೋಬಡೇ ಬೋಲ್' ಅನ್ನುತ್ತಾರೆ, ತಮಿಳರು 'ಮಳಲೈ' ಅನ್ನುತ್ತಾರೆ. ಕೊಳಲು ಇಂಪು, ಯಾಳ್ ಎಂಬ ತಂತಿವಾದ್ಯ ಇಂಪು ಅನ್ನುವವರು ತಮ್ಮ ಮಕ್ಕಳ ಮಳಲೈ ಕೇಳದವರು ಅಂತ ತಿರುಕ್ಕುರಳ್ ಹೇಳುತ್ತದೆ. ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಂಡರೆ ಅದು ಉಗ್ಗು. ಅಸಮಾಧಾನ ತುಟಿಯೊಳಗೇ ಉಳಿದರೆ ಗೊಣಗು. ನಿದ್ದೆಯಲ್ಲಿ ಬರುವ ಮಾತು ಕನವರಿಕೆ, ಆ ಪದದೊಳಗೇ ಕನಸು ಅಡಗಿದೆ. ಮಾತು ಯಾಕೆ ಮಸುಕಾಯಿತು ಅನ್ನುವುದನ್ನು ಪದವೇ ಹೇಳಿಬಿಡುತ್ತದೆ, ಅಲ್ವಾ? ಕನ್ನಡದ ಈ ಸೂಕ್ಷ್ಮ ನನಗೆ ತುಂಬಾ ಇಷ್ಟ.

ಆದರೆ ಇನ್ನೊಂದು ಬಗೆಯ ಪದಗಳಿವೆ. ಅವು ಹುಟ್ಟುವುದು ಕೇಳುವವನ ಕಿವಿಯಲ್ಲಿ. ಗ್ರೀಕರಿಗೆ ಪರಭಾಷೆ 'ಬರ್ ಬರ್' ಅಂತ ಕೇಳಿಸಿತು, ಆ ಜನ 'ಬಾರ್ಬರೋಸ್' ಆದರು. ಸಂಸ್ಕೃತದ 'ಬರ್ಬರ'ಕ್ಕೂ ತೊದಲುವವನು, ಅನಾಗರಿಕ ಎಂಬ ಎರಡೂ ಅರ್ಥಗಳಿವೆ. 'ಮ್ಲೇಚ್ಛ'ದ ಧಾತುವಿಗೂ ಅಸ್ಪಷ್ಟವಾಗಿ ನುಡಿಯುವುದು ಅಂತಲೇ ಅರ್ಥ. ಇವತ್ತು ಪತ್ರಿಕೆಯಲ್ಲಿ 'ಬರ್ಬರ ಹತ್ಯೆ' ಅಂತ ಓದುತ್ತೇವೆ. ಒಬ್ಬರ ನುಡಿ ಇನ್ನೊಬ್ಬರಿಗೆ ತಿಳಿಯದೆ ಹೋದದ್ದು ಕ್ರೌರ್ಯದ ಹೆಸರಾಗಿ ನಿಂತಿದೆ. ಇದು ನನ್ನನ್ನು ಬಹಳ ಕಾಡುತ್ತದೆ.

ಇಲ್ಲಿಗೆ ಬಂದ ಮೇಲೆ ಗೊತ್ತಾದದ್ದು, ಮರಾಠಿಯಲ್ಲಿ 'ಕಾನಡಾ' ಅನ್ನುವುದಕ್ಕೆ ಅರ್ಥವಾಗದ್ದು, ನಿಗೂಢವಾದದ್ದು ಎಂಬ ಅರ್ಥವೂ ಇದೆ. ನಮ್ಮ ನುಡಿಯ ಹೆಸರೇ ತಿಳಿಯದ ಮಾತಿನ ಹೆಸರು! ಮೊದಲು ನೋವಾಯಿತು. ಆಮೇಲೆ 17ನೇ ಶತಮಾನದ ತುಕಾರಾಮರ ಒಂದು ಅಭಂಗ ಸಿಕ್ಕಿತು. ಅದರಲ್ಲಿ ಕನ್ನಡದ ಹೆಂಡತಿ, ಮರಾಠಿ ಗಂಡ. ಒಬ್ಬರ ಉತ್ತರ ಇನ್ನೊಬ್ಬರಿಗೆ ತಿಳಿಯದು. ತಿಳಿಯದೆ ಇರುವುದು ಇಬ್ಬರಿಗೂ ಸಮ. ತಿಳಿಯದ ಮಾತಿಗೆ ನಾವೂ ಹೀಗೇ ಹೆಸರಿಡುತ್ತೇವಲ್ಲ, ಯಾರಾದರೂ ಬಿರುಸಾಗಿ ಇಂಗ್ಲಿಷ್ ಮಾತಾಡಿದರೆ 'ಟಸ್ ಪುಸ್' ಅನ್ನುತ್ತೇವೆ.

ಹಾಗಾಗಿ ನೆಂಟರಲ್ಲಿ ನನ್ನ ಕೋರಿಕೆ ಇಷ್ಟೇ. ಹೊರನಾಡಿನ ಮಕ್ಕಳ ಕನ್ನಡಕ್ಕೆ ತೊದಲು ಅನ್ನಬೇಡಿ. ಹಾಗಂದರೆ ದೊಡ್ಡ ಮಗು ನಾಚಿ ಬಾಯಿ ಮುಚ್ಚಿಕೊಳ್ಳುತ್ತದೆ. ನನ್ನ ಮಗಳು ಎರಡು ದಿನ ಸುಮ್ನೆ ಕೂತಿದ್ದಳು, ಏನು ಕೇಳಿದರೂ ತಲೆಯಾಡಿಸುತ್ತಿದ್ದಳು ಅಷ್ಟೇ. ತಡವರಿಸುತ್ತಾಳೆ ಅನ್ನಿ, ಪದ ಸಿಗುವವರೆಗೆ ಒಂದು ಕ್ಷಣ ಕಾಯಿರಿ. ನೀವಾಗಿ ವಾಕ್ಯ ಮುಗಿಸಿಕೊಡಬೇಡಿ.

ಮೊನ್ನೆ ರಾತ್ರಿ ಅವಳು ನಿದ್ದೆಯಲ್ಲಿ ಕನವರಿಸಿದಳು. "ಅಪ್ಪಾ, ಬಾಗಿಲು ಹಾಕು, ಮಳೆ ಒಳಗೆ ಬರ್ತಿದೆ." ಕನ್ನಡದಲ್ಲೇ. ಎಲ್ಲೂ ತಡವರಿಸಲಿಲ್ಲ.