‘ನಮ್ಮ ಮಗು ಯಾರ ಜೊತೆನೂ ಸೇರಲ್ಲ’ ಅನ್ನುವವರಿಗೆ

ಜೂನ್ ಬಂತು ಅಂದ್ರೆ ನನಗೆ ಇದೇ ಫೋನು. "ಮೇಡಂ, ನಮ್ಮ ಹುಡುಗ ಶಾಲೆಯಲ್ಲಿ ಯಾರ ಜೊತೆನೂ ಸೇರಲ್ವಂತೆ. ಗೋಡೆ ಹತ್ರ ಸುಮ್ನೆ ನಿಂತಿರ್ತಾನಂತೆ." ನಾನು ದಾವಣಗೆರೆ ಹತ್ತಿರದ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಲಿಕಲಿ ಟೀಚರ್, ಅಂದ್ರೆ ಚಿಕ್ಕ ತರಗತಿಯ ಮಕ್ಕಳಿಗೆ ನಲಿಯುತ್ತಾ ಕಲಿಸುವ ಪದ್ಧತಿಯ ಟೀಚರ್. ಕೇಳುವವರು ಜಾಸ್ತಿ ಸಿಟಿಯವರು. ನನ್ನ ಉತ್ತರ ಅವರಿಗೆ ಹಿಡಿಸುವುದಿಲ್ಲ. ನಿಂತಿರಲಿ ಬಿಡಿ ಅನ್ನುತ್ತೇನೆ.

ಭದ್ರಾ ನಾಲೆಗೆ ನೀರು ಬಿಟ್ಟ ಮೇಲೆ ನಮ್ಮ ಕಡೆ ಭತ್ತದ ನಾಟಿಗೆ ಹೊರಗಿನವರು ಬರುತ್ತಾರೆ. ಅವರ ಮಕ್ಕಳು ವರ್ಷದ ಮಧ್ಯೆ ನಮ್ಮ ಶಾಲೆಗೆ. ಕೆಲವರ ಮನೆಮಾತು ತೆಲುಗು, ಕೆಲವರದು ಲಂಬಾಣಿ. ಆ ಮಗು ಮೊದಲು ಲಗೋರಿ ಆಡುವಲ್ಲಿ ಪಕ್ಕದಲ್ಲಿ ನಿಲ್ಲುತ್ತದೆ. ಯಾರು ಹೇಗೆ ಔಟ್, ಇಲ್ಲಿ ಯಾರ ಮಾತು ನಡೆಯುತ್ತದೆ, ಎಲ್ಲ ನೋಡಿಕೊಳ್ಳುತ್ತದೆ. ಆಮೇಲೆ ಬೇಲಿ ದಾಟಿದ ಚೆಂಡು ತಂದುಕೊಡುತ್ತದೆ. ಒಂದಿನ ಯಾರೋ ಅನ್ನುತ್ತಾರೆ, "ಅವ್ನೂ ಬರ್ಲಿ ಬಿಡ್ಲೇ, ಆಟಕ್ಕುಂಟು ಲೆಕ್ಕಕ್ಕಿಲ್ಲ." ಚೆಂಡು ಬಿದ್ದರೂ ಔಟ್ ಇಲ್ಲ. ಹೊಸಬರನ್ನು ಒಳಗೆ ಬಿಟ್ಟುಕೊಳ್ಳಲು ಮಕ್ಕಳೇ ಮಾಡಿಕೊಂಡ ವ್ಯವಸ್ಥೆ ಇದು. ಬಂದ ತಕ್ಷಣ "ಈ ಆಟ ಬೇಡ, ಬೇರೆ ಆಡೋಣ" ಅನ್ನುವ ಹುಡುಗನಿಗೇ ಕಷ್ಟ ಜಾಸ್ತಿ.

ನಾವು ದೊಡ್ಡವರು ಹೋಗಿ "ಇವನನ್ನೂ ಸೇರಿಸ್ಕೊಳ್ರೋ" ಅಂತ ಕೂಗಿದರೆ ನಾವು ಅಲ್ಲಿರುವಷ್ಟು ಹೊತ್ತು ಸೇರಿಸಿಕೊಳ್ಳುತ್ತಾರೆ, ಅಷ್ಟೇ. ಅದಕ್ಕಿಂತ ಇಬ್ಬರಿಗೆ ಸೇರಿ ಒಂದು ಕೆಲಸ ಕೊಡುವುದು ಮೇಲು. 2013ರಿಂದ ಕ್ಷೀರಭಾಗ್ಯದ ಬಿಸಿ ಹಾಲು ಬರುತ್ತಿದೆಯಲ್ಲ, ಲೋಟ ಹಂಚಲು ಹೊಸ ಮಗುವಿನ ಜೊತೆ ಒಬ್ಬ ಮಾತುಗಾರನನ್ನು ಕಳಿಸುತ್ತೇನೆ. ನಲಿಕಲಿಯಲ್ಲಿ ಒಂದು, ಎರಡು, ಮೂರನೇ ತರಗತಿ ಒಟ್ಟಿಗೆ ಕೂರುತ್ತವೆ. ಗೆಳೆಯರ ಸಹಾಯದಿಂದ ಕಲಿಯುವ ಗುಂಪೇ ಬೇರೆ ಇದೆ. ಹೊಸ ಮಗುವನ್ನು ಮೂರನೇ ತರಗತಿಯ ಹುಡುಗಿ ಪಕ್ಕ ಕೂರಿಸಿದರೆ ಅರ್ಧ ಕೆಲಸ ಮುಗಿಯಿತು. ನಲಿಕಲಿ ಬಗ್ಗೆ ನನಗೂ ತಕರಾರುಗಳಿವೆ (ದಾಖಲೆ ಬರೆಯುವುದು ಒಂದು ಕಡಿಮೆಯಾಗಲಿ ಮಾರಾಯ್ರೇ). ಆದರೆ ಈ ವಿಷಯದಲ್ಲಿ ಬೈಯಲಾರೆ.

ಇನ್ನು ಬರ್ತ್‌ಡೇ. ಹೊಸ ಬಟ್ಟೆ ಹಾಕಿಕೊಂಡ ಮಗು ಒಬ್ಬ ಫ್ರೆಂಡ್‌ನನ್ನು ಕರೆದುಕೊಂಡು ಎಲ್ಲ ಕ್ಲಾಸ್‌ಗೂ ಚಾಕೊಲೇಟ್ ಕೊಡಲು ಹೋಗುತ್ತದೆ. ನಮಗೆ ಇದು ಲೆಕ್ಕಕ್ಕೇ ಬರದ ಸಂಗತಿ. ಮಕ್ಕಳಿಗೆ ಅದು ಚುನಾವಣೆ! ಯಾರನ್ನು ಕರೆದ ಅನ್ನುವುದರ ಮೇಲೆ ವಾರಗಟ್ಟಲೆ ಟೂ ಬಿಡುತ್ತಾರೆ. ಕೆಲವು ಮಕ್ಕಳನ್ನು ವರ್ಷವಿಡೀ ಯಾರೂ ಕರೆಯುವುದಿಲ್ಲ, ಆ ಮಕ್ಕಳು ಅದನ್ನು ಮನೆಯಲ್ಲಿ ಹೇಳುವುದೂ ಇಲ್ಲ. ನನ್ನ ಕ್ಲಾಸ್‌ನಲ್ಲಿ ಜೊತೆಗೆ ಹೋಗುವವರ ಹೆಸರು ಹಾಜರಿ ಪುಸ್ತಕದ ಪ್ರಕಾರ. ಮಕ್ಕಳು ಗೊಣಗಿದರು, ಅಭ್ಯಾಸವಾಯಿತು.

ಮಗು ದಿನಾ ಬೆಳಿಗ್ಗೆ ಹೊಟ್ಟೆನೋವು ಅಂದರೆ, ಯಾರದೋ ಹೆಸರು ಕೇಳಿದರೆ ಮುಖ ಸಪ್ಪೆ ಮಾಡಿದರೆ ಅದು ಬೇರೆ ವಿಷಯ. ತಕ್ಷಣ ಟೀಚರ್ ಹತ್ತಿರ ಮಾತಾಡಿ. ಉಳಿದಂತೆ "ಎಷ್ಟು ಜನ ಫ್ರೆಂಡ್ಸ್ ಆದ್ರು?" ಅಂತ ದಿನಾ ಲೆಕ್ಕ ಕೇಳಬೇಡಿ. ಒಬ್ಬ ಇದ್ದರೆ ಧಾರಾಳ.

ಸಿಟಿಯ ಎಷ್ಟೋ ಮಕ್ಕಳಿಗೆ ಆ ಒಬ್ಬ ಸಿಗುವುದು ಕ್ಲಾಸ್‌ನಲ್ಲಲ್ಲ, ವ್ಯಾನ್‌ನಲ್ಲಿ. ಯಾಕಂದ್ರೆ ಮಾತಾಡಲು ಬಿಡುವ ಜಾಗ ಅದೊಂದೇ. ಪೇರೆಂಟ್ಸ್ ಮೀಟಿಂಗ್‌ನಲ್ಲಿ ಮಾರ್ಕ್ಸ್ ಕೇಳಿ ಆದಮೇಲೆ ಇದನ್ನೂ ಕೇಳಿ ನೋಡಿ: ಆಟದ ಪೀರಿಯಡ್‌ನಲ್ಲಿ ಆಡಿಸ್ತೀರಾ, ಇಲ್ಲಾ ಮಗ್ಗಿ ಬರೆಸ್ತೀರಾ?